ನಿಮ್ಮ ಕ್ಯಾಮೆರಾ, ಪಕ್ಕದ ಮನೆಯ ಕಿಟಕಿ

ಪ್ರಶ್ನೆ: ರಾತ್ರಿ ಹೊತ್ತು ಯಾರೋ ಎರಡು ಸಲ ಕಾಂಪೌಂಡ್ ಹಾರಿ ಬಂದಿದ್ದರಿಂದ ಮನೆಗೆ ನಾಲ್ಕು ಸಿಸಿ ಕ್ಯಾಮೆರಾ ಹಾಕಿಸಿದೆವು. ಮನೆಯ ಪಕ್ಕದ ಓಣಿ ನೋಡಲು ಸಜ್ಜಾ ಕೆಳಗೆ, ಸುಮಾರು ಹನ್ನೊಂದು ಅಡಿ ಎತ್ತರದಲ್ಲಿ ಒಂದು ಕ್ಯಾಮೆರಾ ಇದೆ: 2 ಮೆಗಾಪಿಕ್ಸೆಲ್, 2.8 ಮಿ.ಮೀ. ಲೆನ್ಸ್, ಒಳಗೇ ಮೈಕ್. ಅದರಲ್ಲಿ ತಮ್ಮ ಹಿತ್ತಲು, ಅಡುಗೆಮನೆ ಕಿಟಕಿ ಎಲ್ಲ ಕಾಣುತ್ತದೆ, ತೆಗೆಯಿರಿ ಎಂದು ಪಕ್ಕದ ಮನೆಯವರು ಹೇಳುತ್ತಿದ್ದಾರೆ. ಹಾಕಿಕೊಟ್ಟವರು ಆ್ಯಪ್‌ನಲ್ಲಿ ಮೋಷನ್ ಜೋನ್ ಗುರುತು ಮಾಡಿ, ಇನ್ನು ತೊಂದರೆ ಇಲ್ಲ ಎಂದರು. ನಿಜವೇ? ತೆಗೆಯಲೇಬೇಕೇ? ಅಥವಾ ವೈರ್ ಕಿತ್ತು ಬರೀ ತೋರಿಕೆಗೆ ಬಿಟ್ಟರೆ ಸಾಕೇ?

ಉತ್ತರ: ಕ್ಯಾಮೆರಾ ತೆಗೆಯಬೇಕಿಲ್ಲ. ಆದರೆ ಈಗಿರುವ ಹಾಗೆ ಬಿಡುವಂತೆಯೂ ಇಲ್ಲ. ಮೋಷನ್ ಜೋನ್ ಬಗ್ಗೆ ನಿಮಗೆ ಹೇಳಿದ್ದು ಪೂರ್ತಿ ತಪ್ಪು. ಅದರ ವಿಷಯ ಮುಂದೆ ಬರುತ್ತದೆ. ಅದಕ್ಕಿಂತ ಮೊದಲು ಒಂದು ಮಾತು. ಪಕ್ಕದ ಮನೆಯ ಹಿತ್ತಲನ್ನು ತೋರಿಸುತ್ತಿರುವ ಈ ಕ್ಯಾಮೆರಾ ನಿಮ್ಮ ಓಣಿಯನ್ನೂ ಸರಿಯಾಗಿ ಕಾಯುತ್ತಿಲ್ಲ. ಎರಡೂ ದೋಷಗಳಿಗೆ ಕಾರಣ ಒಂದೇ, ಹಾಗಾಗಿ ಪರಿಹಾರವೂ ಒಂದೇ.

ಲೆಕ್ಕ ಹಾಕಿ ನೋಡಿ. ನಿಮ್ಮ ಓಣಿ ಎರಡು ಮೀಟರ್ ಅಗಲ, ಹತ್ತು ಮೀಟರ್ ಉದ್ದ ಎಂದುಕೊಳ್ಳೋಣ. ಈ ಬಗೆಯ ಕ್ಯಾಮೆರಾಗಳಲ್ಲಿ 2.8 ಮಿ.ಮೀ. ಲೆನ್ಸ್ ಅಡ್ಡಕ್ಕೆ ಸುಮಾರು 105 ಡಿಗ್ರಿ ನೋಡುತ್ತದೆ. ಅಂದರೆ ಹತ್ತು ಮೀಟರ್ ದೂರದಲ್ಲಿ ಅದರ ಚೌಕಟ್ಟಿಗೆ ಸಿಗುವ ಅಗಲ 26 ಮೀಟರ್. ಅದರಲ್ಲಿ ಓಣಿಯದ್ದು ಎರಡೇ ಮೀಟರ್. ಉಳಿದದ್ದೆಲ್ಲ ಒಂದು ಕಡೆ ನಿಮ್ಮದೇ ಗೋಡೆ, ಇನ್ನೊಂದು ಕಡೆ ಅವರ ಹಿತ್ತಲು. 2 ಮೆಗಾಪಿಕ್ಸೆಲ್ ಚಿತ್ರದ ಅಡ್ಡಕ್ಕೆ 1920 ಪಿಕ್ಸೆಲ್ ಇರುತ್ತವೆ. ಅವನ್ನು 26 ಮೀಟರ್‌ಗೆ ಹಂಚಿದರೆ ಮೀಟರಿಗೆ 74 ಪಿಕ್ಸೆಲ್ ಮಾತ್ರ. ಕಣ್ಗಾವಲು ಕ್ಯಾಮೆರಾಗಳಿಗಿರುವ ಅಂತರರಾಷ್ಟ್ರೀಯ ಐಇಸಿ 62676-4 ಮಾನದಂಡದ 2014ರ ಆವೃತ್ತಿ ಹೇಳುವುದು ಹೀಗೆ: ಪರಿಚಯದವರನ್ನು ಗುರುತು ಹಿಡಿಯಲು ಮೀಟರಿಗೆ 125 ಪಿಕ್ಸೆಲ್ ಬೇಕು, ಅಪರಿಚಿತರನ್ನು ಇಂಥವರೇ ಎಂದು ನಿಶ್ಚಯಿಸಲು 250 ಬೇಕು. 74ರಲ್ಲಿ ಯಾರೋ ಬಂದರು, ಇಂಥ ಬಣ್ಣದ ಬಟ್ಟೆ ಹಾಕಿದ್ದರು ಎನ್ನಬಹುದು ಅಷ್ಟೆ. ಕಾಂಪೌಂಡ್ ಹಾರಿದವರ ಮುಖ ಬೇಕಾಗಿದ್ದು ನಿಮಗೆ. ಸಿಗುತ್ತಿರುವುದು ಪಕ್ಕದ ಮನೆಯವರ ದಿನಚರಿ.

ಎತ್ತರವೂ ಹೀಗೆಯೇ ಕೈಕೊಡುತ್ತದೆ. ಕ್ಯಾಮೆರಾ ಮೂರೂವರೆ ಮೀಟರ್ ಮೇಲಿದ್ದು, ಎರಡು ಮೀಟರ್ ಆಚೆಗಿನ ಕಾಂಪೌಂಡ್ ಒಂದೂವರೆ ಮೀಟರ್ ಎತ್ತರದ್ದಾದರೆ, ಗೋಡೆಯ ತಲೆಯ ಮೇಲಿಂದ ಹಾಯುವ ನೋಟ ಆಚೆ ಒಂದೂವರೆ ಮೀಟರ್‌ಗೆಲ್ಲ ಅವರ ನೆಲ ಮುಟ್ಟುತ್ತದೆ. ಗೋಡೆಯ ಬುಡದಲ್ಲಿ ಕೂತು ಪಾತ್ರೆ ತೊಳೆಯುವವರು ಮರೆಯಾಗಬಹುದು. ಅದರಾಚೆ ಬಟ್ಟೆ ಒಣಹಾಕುವವರು ಅಡಿಯಿಂದ ಮುಡಿಯವರೆಗೆ ಕಾಣುತ್ತಾರೆ. ಅದೇ ಕ್ಯಾಮೆರಾವನ್ನು ಎರಡೂವರೆ ಮೀಟರ್‌ಗೆ ಇಳಿಸಿದರೆ ಗೋಡೆಯ ಮರೆ ಮೂರು ಮೀಟರ್‌ವರೆಗೆ ಚಾಚುತ್ತದೆ. ಎತ್ತರ ಇಳಿಸುವುದರಿಂದ ನಿಮಗೂ ಲಾಭ: ಹನ್ನೊಂದು ಅಡಿ ಮೇಲಿಂದ, ಹತ್ತಿರ ಬಂದವರ ನೆತ್ತಿ ಮತ್ತು ಟೋಪಿ ಕಾಣುತ್ತದೆ, ಮುಖ ಕಾಣುವುದಿಲ್ಲ. 2.4ರಿಂದ 2.8 ಮೀಟರ್ ಎತ್ತರ, 15-20 ಡಿಗ್ರಿ ಕೆಳಮುಖ ಬಾಗು. ಮುಖ ಸಿಗಬೇಕಾದ ಕಡೆ ಇಷ್ಟೇ ಹಿತ.

ಮಾಡಬೇಕಾದದ್ದು

ಎಲ್ಲಕ್ಕಿಂತ ಒಳ್ಳೆಯ ದಾರಿ ಕ್ಯಾಮೆರಾವನ್ನು ತಿರುಗಿ ನಿಲ್ಲಿಸುವುದು. ಮನೆಯಿಂದ ಕಾಂಪೌಂಡಿನ ಕಡೆಗೆ ನೋಡುವ ಬದಲು, ಕಾಂಪೌಂಡಿನ ಕಡೆಯಿಂದ ನಿಮ್ಮ ಮನೆಯನ್ನೇ ನೋಡಲಿ. ಓಣಿಯ ಮೂಲೆಯಲ್ಲಿ, ನಿಮ್ಮ ಜಾಗದೊಳಗೆ ಒಂದು ಕಂಬ ನೆಟ್ಟು ಎಂಟು ಅಡಿ ಎತ್ತರದಲ್ಲಿ ಗುಂಡು ಡೋಮ್ ಕ್ಯಾಮೆರಾ ಕೂರಿಸಿದರೆ, ಅದರ ಬೆನ್ನು ಪಕ್ಕದ ಮನೆಗೆ, ಮುಖ ನಿಮ್ಮ ಕಿಟಕಿ ಬಾಗಿಲುಗಳಿಗೆ. ಗೋಡೆ ಹಾರಿ ಇಳಿದವರು ಕೊನೆಗೆ ಬರುವುದು ಅಲ್ಲಿಗೇ. ಇದರಲ್ಲಿ ಎರಡು ತೊಡಕುಗಳಿವೆ. ಕೈಗೆ ಎಟುಕುವ ಎತ್ತರವಾದ್ದರಿಂದ ವೈರ್ ಹೊರಗೆ ಕಾಣದಂತೆ ಕಂಬದೊಳಗೇ ಅಥವಾ ಕಬ್ಬಿಣದ ಪೈಪಿನಲ್ಲಿ ಹೋಗಬೇಕು. ಇನ್ನು, ಬೆಳಗ್ಗೆ ಅಥವಾ ಸಂಜೆಯ ಬಿಸಿಲು ನೇರ ಲೆನ್ಸಿಗೆ ಹೊಡೆಯುವ ದಿಕ್ಕಾದರೆ ಚಿತ್ರ ಬೆಳ್ಳಗಾಗುತ್ತದೆ. ಕಂಬ ನೆಡುವ ಮೊದಲೇ ಆ ಹೊತ್ತಿನಲ್ಲಿ ಅಲ್ಲಿ ನಿಂತು ನೋಡಿ.

ಕಂಬಕ್ಕೆ ಜಾಗವಿಲ್ಲದಿದ್ದರೆ ಎರಡನೆಯ ದಾರಿ ಲೆನ್ಸ್ ಬದಲಾಯಿಸುವುದು. 6 ಮಿ.ಮೀ. ಲೆನ್ಸ್ ಸುಮಾರು 52 ಡಿಗ್ರಿ, 8 ಮಿ.ಮೀ. ಸುಮಾರು 40 ಡಿಗ್ರಿ ನೋಡುತ್ತದೆ. ಉದ್ದನೆಯ ಓಣಿಗೆ ಹೇಳಿ ಮಾಡಿಸಿದಂಥ ಇನ್ನೊಂದು ಉಪಾಯ ಕಾರಿಡಾರ್ ಮೋಡ್: 8 ಮಿ.ಮೀ. ಲೆನ್ಸಿನ ಕ್ಯಾಮೆರಾವನ್ನು ಬ್ರಾಕೆಟ್‌ನಲ್ಲೇ 90 ಡಿಗ್ರಿ ಹೊರಳಿಸಿ, ಸೆಟ್ಟಿಂಗ್‌ನಲ್ಲೂ ಚಿತ್ರವನ್ನು 90 ಡಿಗ್ರಿ ತಿರುಗಿಸುವುದು. ಆಗ ಮೊಬೈಲನ್ನು ನೆಟ್ಟಗೆ ಹಿಡಿದು ತೆಗೆದ ಹಾಗೆ ಉದ್ದನೆಯ ಚಿತ್ರ ಬರುತ್ತದೆ. ಅಡ್ಡಕ್ಕೆ ಸುಮಾರು 22 ಡಿಗ್ರಿ ಮಾತ್ರ ಉಳಿಯುವುದರಿಂದ, ಹತ್ತು ಮೀಟರ್ ದೂರದಲ್ಲಿ ಚೌಕಟ್ಟಿನ ಅಗಲ ನಾಲ್ಕು ಮೀಟರ್‌ಗೂ ಕಡಿಮೆ. ಅಡ್ಡಕ್ಕಿರುವ 1080 ಪಿಕ್ಸೆಲ್‌ಗಳನ್ನು ಹಂಚಿದರೆ ಮೀಟರಿಗೆ 270ಕ್ಕೂ ಹೆಚ್ಚು. ಅದೇ 2 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಓಣಿಯ ಕೊನೆಯಲ್ಲಿ ನಿಂತವರ ಮುಖ ಸಿಕ್ಕಿತು, ಪಕ್ಕದ ಹಿತ್ತಲು ಹೆಚ್ಚುಕಮ್ಮಿ ತಪ್ಪಿತು. ಕೊಳ್ಳುವಾಗ ಮೂರು ಕಡೆಗೂ ತಿರುಗುವ ಬ್ರಾಕೆಟ್ ಇದೆಯೇ, ಸೆಟ್ಟಿಂಗ್‌ನಲ್ಲಿ 90 ಡಿಗ್ರಿ ಆಯ್ಕೆ ಇದೆಯೇ ಎಂದು ಕೇಳಿ. ಅಗ್ಗದ ಎಷ್ಟೋ ಮಾದರಿಗಳಲ್ಲಿ 180 ಡಿಗ್ರಿ ಮಾತ್ರ ಇರುತ್ತದೆ. ಕ್ಯಾಮೆರಾದ ಬುಡದಲ್ಲಿ ಎರಡೂವರೆ-ಮೂರು ಮೀಟರ್ ನೆಲ ಕಾಣುವುದಿಲ್ಲ ಎನ್ನುವುದೊಂದೇ ಇದರ ಕೊರತೆ. ಆದ್ದರಿಂದ ಬಾಗಿಲಿನ ಪಕ್ಕದಲ್ಲೇ ಕೂರಿಸಬೇಡಿ, ಬಾಗಿಲು ಅದರ ಎದುರಿಗೆ ಬರುವ ಕೊನೆಯಲ್ಲಿ ಕೂರಿಸಿ.

ಮಾಸ್ಕ್ ಮತ್ತು ಮೋಷನ್ ಜೋನ್

ಮೋಷನ್ ಜೋನ್ ಎಂದರೆ ಎಲ್ಲಿ ಏನಾದರೂ ಅಲುಗಾಡಿದಾಗ ರೆಕಾರ್ಡಿಂಗ್ ಶುರುವಾಗಬೇಕು ಅಥವಾ ಮೊಬೈಲಿಗೆ ಸೂಚನೆ ಬರಬೇಕು ಎನ್ನುವ ಗುರುತು. ಶುರುವಾದ ಮೇಲೆ ಅಚ್ಚಾಗುವುದು ಇಡೀ ಚೌಕಟ್ಟು. ನಿಮ್ಮ ಓಣಿಯಲ್ಲಿ ಬೆಕ್ಕು ಓಡಿದರೂ ಸಾಕು, ಅವರ ಅಡುಗೆಮನೆ ಕಿಟಕಿ ಡಿಸ್ಕಿಗೆ ಹೋಗುತ್ತದೆ. ನೇರ ನೋಟವಂತೂ ಯಾವಾಗಲೂ ತೆರೆದೇ ಇರುತ್ತದೆ.

ನಿಮಗೆ ಬೇಕಾದದ್ದು ಪ್ರೈವಸಿ ಮಾಸ್ಕ್: ಚಿತ್ರದ ಒಂದು ಭಾಗದ ಮೇಲೆ ಕಪ್ಪು ಚೌಕ. ಇದನ್ನು ಎಲ್ಲಿ ಹಾಕುತ್ತೀರಿ ಎಂಬುದು ಮುಖ್ಯ. ಕ್ಯಾಮೆರಾದ ಒಳಗಿನ ಸೆಟ್ಟಿಂಗ್‌ನಲ್ಲಿ ಹಾಕಿದರೆ ದೃಶ್ಯ ಹೊರಬರುವ ಮೊದಲೇ ಆ ಭಾಗ ಕಪ್ಪಾಗಿರುತ್ತದೆ. ಯಾರಿಂದಲೂ ಮತ್ತೆ ತೆಗೆಯಲಾಗದು. ಆ್ಯಪ್‌ನ ಅಥವಾ ಕಂಪ್ಯೂಟರ್ ತಂತ್ರಾಂಶದ ಕೆಲವು ಮಾಸ್ಕ್‌ಗಳು ಪರದೆಯ ಮೇಲೆ ಎಳೆದ ಪರದೆಯಷ್ಟೇ, ಡಿಸ್ಕಿನಲ್ಲಿ ಕಿಟಕಿ ಹಾಗೆಯೇ ಉಳಿದಿರುತ್ತದೆ. ನಿಮ್ಮದು ಯಾವ ಬಗೆ ಎಂದು ಐದು ನಿಮಿಷದಲ್ಲಿ ತಿಳಿಯಬಹುದು. ಮಾಸ್ಕ್ ಹಾಕಿ, ಒಂದು ನಿಮಿಷ ರೆಕಾರ್ಡ್ ಮಾಡಿ, ಆ ತುಣುಕನ್ನು ಪೆನ್‌ಡ್ರೈವ್‌ಗೆ ಇಳಿಸಿ ಬೇರೆ ಕಂಪ್ಯೂಟರಿನಲ್ಲಿ ಓಡಿಸಿ. ಮೊಬೈಲಿನಲ್ಲಿ ಕಡಿಮೆ ಗುಣಮಟ್ಟದ ಸಬ್‌ಸ್ಟ್ರೀಮ್ ತೆರೆದೂ ನೋಡಿ. ಎರಡರಲ್ಲೂ ಕಪ್ಪು ಚೌಕ ಇರಬೇಕು.

ಚೌಕ ಎಳೆಯುವಾಗ ಕಿಟಕಿಯ ಅಂಚಿಗೆ ಸರಿಯಾಗಿ ಎಳೆಯಬೇಡಿ. ಗಾಳಿಗೆ, ಬಿಸಿಲಿನ ಕಾವಿಗೆ ಬ್ರಾಕೆಟ್ ಕೂದಲೆಳೆ ಸರಿದರೂ ಚೌಕ ಅಲ್ಲೇ ಉಳಿದು ಕಿಟಕಿ ಹೊರಬರುತ್ತದೆ; ಸುತ್ತ ಒಂದಷ್ಟು ಹೆಚ್ಚುವರಿ ಮುಚ್ಚಿ. ಕಾಂಪೌಂಡಿನ ತಲೆಯನ್ನು ಮಾತ್ರ ಬಿಟ್ಟುಕೊಂಡು ಅದರ ಮೇಲಿನದನ್ನೆಲ್ಲ ಕಪ್ಪು ಮಾಡಿದರೆ ಹಾರುವವರ ಕೈಕಾಲು ಕಾಣುತ್ತದೆ, ಆಚೆಯದು ಕಾಣುವುದಿಲ್ಲ. ಮಾಸ್ಕ್ ಹಾಕಿದ ಮೇಲೆ ಚಿತ್ರ ತಿರುಗಿಸಿದರೆ, ರೆಸಲ್ಯೂಷನ್ ಬದಲಿಸಿದರೆ, ಫರ್ಮ್‌ವೇರ್ (ಕ್ಯಾಮೆರಾದೊಳಗಿನ ತಂತ್ರಾಂಶ) ಅಪ್‌ಡೇಟ್ ಆದರೆ ಅಥವಾ ರೀಸೆಟ್ ಒತ್ತಿದರೆ ಅದು ಅಳಿಸಿಹೋಗುವ, ಜಾಗ ಬದಲಿಸುವ ಸಾಧ್ಯತೆ ಇದೆ. ಇಂಥ ಪ್ರತಿ ಕೆಲಸದ ನಂತರ ತೆರೆದು ನೋಡಿ. ಸುತ್ತ ತಿರುಗುವ ಪಿಟಿಜೆಡ್ ಕ್ಯಾಮೆರಾಗಳ ಗೊಡವೆ ಇಂಥ ಜಾಗದಲ್ಲಿ ಬೇಡವೇ ಬೇಡ. ಕ್ಯಾಮೆರಾ ತಿರುಗಿದಂತೆ ಮಾಸ್ಕ್ ಕೂಡ ಸರಿಯಾಗಿ ಜರುಗುವುದು ಒಳ್ಳೆಯ ಮಾದರಿಗಳಲ್ಲಿ ಮಾತ್ರ. ಅದಿದ್ದರೂ, ತಿರುಗಬಲ್ಲ ಕ್ಯಾಮೆರಾ ತಮ್ಮ ಕಡೆ ತಿರುಗುವುದಿಲ್ಲ ಎಂದು ಪಕ್ಕದವರು ನಂಬುವುದು ಕಷ್ಟ.

ಲೆನ್ಸಿನ ಗಾಜಿಗೆ ಕಪ್ಪು ಟೇಪು ಅಂಟಿಸುವುದನ್ನು ಕೆಲವರು ಸೂಚಿಸುತ್ತಾರೆ. ಹಗಲಲ್ಲಿ ನಡೆಯುತ್ತದೆ. ರಾತ್ರಿ ಕ್ಯಾಮೆರಾದ ಇನ್‌ಫ್ರಾರೆಡ್ ಬೆಳಕು ಟೇಪಿನ ಅಂಚಿಗೆ ತಾಗಿ ಲೆನ್ಸಿಗೇ ಮರಳುವುದರಿಂದ ಚಿತ್ರದ ತುಂಬ ಮಂಜು ಕವಿಯುತ್ತದೆ. ಮರೆ ಬೇಕೇಬೇಕಿದ್ದರೆ ಹೊಳಪಿಲ್ಲದ ಕಪ್ಪು ತಗಡನ್ನು ಕ್ಯಾಮೆರಾದ ಪಕ್ಕದ ಗೋಡೆಗೆ, ಒಂದಡಿ ಮುಂದೆ ಚಾಚುವಂತೆ ಬಡಿಸಿ. ಅದಕ್ಕೊಂದು ಹೆಚ್ಚುಗಾರಿಕೆಯೂ ಇದೆ: ಪಕ್ಕದ ಮನೆಯವರಿಗೆ ಅದು ಕಣ್ಣಿಗೆ ಕಾಣುತ್ತದೆ. ಕಪ್ಪು ಚೌಕ ಕಾಣುವುದು ನಿಮಗೆ ಮಾತ್ರ.

ಮೈಕ್, ಬೆಳಕು, ಡಿಸ್ಕ್

ಮೈಕ್ ಇವತ್ತೇ ಆಫ್ ಮಾಡಿ. ದೃಶ್ಯಕ್ಕೆ ಚೌಕಟ್ಟು ಹಾಕಬಹುದು, ಶಬ್ದಕ್ಕೆ ಗೋಡೆ ಅಡ್ಡ ಬರುವುದಿಲ್ಲ. ಅಡುಗೆಮನೆಯಲ್ಲಿ ಗಂಡ ಹೆಂಡತಿ ಆಡುವ ಮಾತು ನಿಮ್ಮ ಡಿಸ್ಕಿನಲ್ಲಿ ಕೂತಿದ್ದರೆ ಅದಕ್ಕೆ ಯಾವ ಸಮರ್ಥನೆಯೂ ಇಲ್ಲ. ಇಂಗ್ಲೆಂಡಿನಲ್ಲಿ ಆಕ್ಸ್‌ಫರ್ಡ್ ಕೌಂಟಿ ನ್ಯಾಯಾಲಯ 2021ರ ಅಕ್ಟೋಬರಿನಲ್ಲಿ ಇಂಥದೇ ಪ್ರಕರಣವೊಂದರಲ್ಲಿ ತೀರ್ಪು ಕೊಟ್ಟಾಗ, ಡೋರ್‌ಬೆಲ್ ಮತ್ತು ಹೊರಗಿನ ಕ್ಯಾಮೆರಾಗಳು ನಲವತ್ತು ಅಡಿಗೂ ಆಚೆಯ ಮಾತನ್ನು ಹಿಡಿಯಬಲ್ಲವು, ದೃಶ್ಯಕ್ಕಿಂತ ಧ್ವನಿಯ ದಾಖಲೆಯೇ ಹೆಚ್ಚು ಆಕ್ಷೇಪಾರ್ಹ ಎಂದಿತು. ಅಮೆರಿಕದ ಕ್ಯಾಲಿಫೋರ್ನಿಯಾದಂಥ ರಾಜ್ಯಗಳಲ್ಲಿ ಖಾಸಗಿ ಮಾತುಕತೆಯನ್ನು, ಆಡುವವರೆಲ್ಲರ ಒಪ್ಪಿಗೆಯಿಲ್ಲದೆ ರೆಕಾರ್ಡ್ ಮಾಡುವುದೇ ಅಪರಾಧ. ಕ್ಯಾಮೆರಾದ ಆಡಿಯೊ ಸೆಟ್ಟಿಂಗ್‌ನಲ್ಲಿ ಮೇನ್ ಸ್ಟ್ರೀಮ್, ಸಬ್‌ಸ್ಟ್ರೀಮ್ ಎರಡಕ್ಕೂ ಬೇರೆ ಬೇರೆ ಗುರುತು ಇರುತ್ತದೆ. ಒಂದನ್ನು ತೆಗೆದು ಇನ್ನೊಂದನ್ನು ಮರೆಯುವುದು ಮಾಮೂಲು. ಆಫ್ ಮಾಡಿದ ಮೇಲೆ ಕ್ಯಾಮೆರಾದ ಕೆಳಗೆ ನಿಂತು ಮಾತಾಡಿ, ಆ ರೆಕಾರ್ಡಿಂಗ್ ಹಾಕಿ ಕೇಳಿ.

ಕ್ಯಾಮೆರಾದಲ್ಲಿ ಬಿಳಿ ದೀಪ ಇದ್ದರೆ ರಾತ್ರಿ ಅದು ಅವರ ಮಲಗುವ ಕೋಣೆಗೆ ಹೊಡೆಯುತ್ತಿರಬಹುದು. ಇನ್‌ಫ್ರಾರೆಡ್‌ಗೆ ಬದಲಿಸಿ, ಅಥವಾ ಮನುಷ್ಯರು ಕಂಡಾಗ ಮಾತ್ರ ಹೊತ್ತುವಂತೆ ಮಾಡಿ.

ಡಿಸ್ಕಿನ ವಿಷಯ ಹೆಚ್ಚಿನವರ ಗಮನಕ್ಕೇ ಬರುವುದಿಲ್ಲ. ದೊಡ್ಡ ಡಿಸ್ಕ್ ಇದ್ದರೆ ಒಳ್ಳೆಯದೆಂದು ಹಾಕಿಸುತ್ತಾರೆ. 2 ಮೆಗಾಪಿಕ್ಸೆಲ್ ಕ್ಯಾಮೆರಾ 2 ಎಂಬಿಪಿಎಸ್ ವೇಗದಲ್ಲಿ ದಿನವಿಡೀ ರೆಕಾರ್ಡ್ ಮಾಡಿದರೆ ದಿನಕ್ಕೆ ಸುಮಾರು 21.6 ಜಿಬಿ, ನಾಲ್ಕು ಕ್ಯಾಮೆರಾಗಳಿಗೆ 86 ಜಿಬಿ. 1 ಟಿಬಿ ಡಿಸ್ಕ್ ಹನ್ನೊಂದು ದಿನಕ್ಕೆ ತುಂಬಿ ಹಳೆಯದರ ಮೇಲೆ ಹೊಸದು ಬರೆಯುತ್ತದೆ. 4 ಟಿಬಿ ಹಾಕಿದ್ದರೆ ಒಂದೂವರೆ ತಿಂಗಳು. ಅಷ್ಟು ದಿನದ ಓಡಾಟ, ಬಂದುಹೋದ ನೆಂಟರು, ಮಕ್ಕಳ ಆಟ, ಎಲ್ಲ ನಿಮ್ಮಲ್ಲಿ ಯಾವ ಉದ್ದೇಶವೂ ಇಲ್ಲದೆ ಉಳಿಯುತ್ತದೆ. ಕಳ್ಳತನ ನಡೆದರೆ ಒಂದೆರಡು ದಿನದಲ್ಲಿ ಗೊತ್ತಾಗುತ್ತದೆ. ಊರಿಗೆ ಹೋಗಿದ್ದರೂ ಹದಿನೈದು ದಿನ ಸಾಕು. ದೃಶ್ಯ ದಾಖಲಿಸುವ ಪೆಟ್ಟಿಗೆಯಾದ ಎನ್‌ವಿಆರ್‌ನ ಸ್ಟೋರೇಜ್ ಸೆಟ್ಟಿಂಗ್‌ನಲ್ಲಿ ಇಷ್ಟು ದಿನದ ನಂತರ ಅಳಿಸು ಎಂಬ ಆಯ್ಕೆ ಇದ್ದರೆ ಅಲ್ಲಿ ಹದಿನೈದು ಬರೆಯಿರಿ.

ಆ ದೃಶ್ಯ ನಿಮ್ಮ ಕೈಯಿಂದ ಜಾರಿದರೆ ನೋಡುವುದು ನೀವೊಬ್ಬರೇ ಅಲ್ಲ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ, ಕಾರ್ಖಾನೆಯ ಪಾಸ್‌ವರ್ಡ್ ಬದಲಿಸದೆ ಬಿಟ್ಟಿದ್ದ ಲಕ್ಷಾಂತರ ಕ್ಯಾಮೆರಾ, ಡಿವಿಆರ್, ರೌಟರ್‌ಗಳ ಒಳಹೊಕ್ಕಿತ್ತು. ಪಾಸ್‌ವರ್ಡ್ ಬದಲಿಸಿ, ರೌಟರ್‌ನಲ್ಲಿ ಯುಪಿಎನ್‌ಪಿ ಮತ್ತು ಪೋರ್ಟ್ ಫಾರ್ವರ್ಡಿಂಗ್ (ಹೊರಗಿನ ಇಂಟರ್ನೆಟ್‌ನಿಂದ ನೇರ ಒಳಬರಲು ದಾರಿ ತೆರೆಯುವ ಸೆಟ್ಟಿಂಗ್‌ಗಳು) ಮುಚ್ಚಿ, ಆ್ಯಪ್‌ಗೆ ಎರಡು ಹಂತದ ಲಾಗಿನ್ ಹಾಕಿ. ಹಾಕಿಕೊಟ್ಟವರ ಮೊಬೈಲಿನಲ್ಲಿ ನಿಮ್ಮ ಮನೆಯ ಖಾತೆ ಇನ್ನೂ ತೆರೆದಿದೆಯೇ ಎಂದು ಈಗಲೇ ನೋಡಿ. ತುಂಬ ಮನೆಗಳಲ್ಲಿ ಇರುತ್ತದೆ.

ಕಾನೂನು ಏನನ್ನುತ್ತದೆ

ದೇಶಕ್ಕೊಂದು ಕಾನೂನು ಇದ್ದರೂ ವಿಚಾರದ ಜಾಡು ಹೆಚ್ಚುಕಮ್ಮಿ ಒಂದೇ. ಸ್ವಂತ ಮನೆಯೊಳಗೆ ನೋಡುವ ಕ್ಯಾಮೆರಾ ನಿಮ್ಮ ವಿಷಯ, ಗಡಿ ದಾಟಿ ನೋಡಿದರೆ ಇನ್ನೊಬ್ಬರ ಹಕ್ಕು ಶುರುವಾಗುತ್ತದೆ. ಐರೋಪ್ಯ ಒಕ್ಕೂಟದ ನ್ಯಾಯಾಲಯ 2014ರ ಡಿಸೆಂಬರ್ 11ರಂದು ರಿನೇಶ್ ಪ್ರಕರಣದಲ್ಲಿ ಇದನ್ನು ಬಿಡಿಸಿ ಹೇಳಿತು. ಝೆಕ್ ಗಣರಾಜ್ಯದ ಒಬ್ಬರು ಮನೆಯ ಸೂರಿನಡಿ ಕ್ಯಾಮೆರಾ ಹಾಕಿದ್ದರು; ಅದರಲ್ಲಿ ಅವರ ಬಾಗಿಲು, ರಸ್ತೆಬದಿಯ ಕಾಲುದಾರಿ, ಎದುರು ಮನೆಯ ಬಾಗಿಲು ಮೂರೂ ಬೀಳುತ್ತಿದ್ದವು. ಕಿಟಕಿ ಒಡೆದ ಶಂಕಿತರು ಸಿಕ್ಕಿದ್ದೂ ಆ ದೃಶ್ಯದಿಂದಲೇ. ಹಾಗಿದ್ದರೂ, ಸಾರ್ವಜನಿಕ ಜಾಗವನ್ನು ಹಿಡಿಯುವ ಕ್ಯಾಮೆರಾ ಮನೆವಾರ್ತೆಯ ಸ್ವಂತ ಕೆಲಸ ಎನಿಸಿಕೊಳ್ಳದು, ಮಾಹಿತಿ ರಕ್ಷಣೆಯ ಕಾನೂನು ಅದಕ್ಕೆ ಅನ್ವಯಿಸುತ್ತದೆ ಎಂದಿತು ನ್ಯಾಯಾಲಯ. ಆಸ್ತಿ, ಪ್ರಾಣ ಕಾಪಾಡಿಕೊಳ್ಳುವ ನ್ಯಾಯಯುತ ಹಿತವನ್ನು ಪರಿಗಣಿಸಬೇಕೆಂದೂ ಅದೇ ತೀರ್ಪಿನಲ್ಲಿದೆ. ಕ್ಯಾಮೆರಾ ನಿಷೇಧವಾಗಲಿಲ್ಲ, ಅದರ ಜೊತೆ ಹೊಣೆ ಬಂತು.

ಭಾರತದಲ್ಲಿ 2017ರ ಆಗಸ್ಟ್ 24ರಂದು ಪುಟ್ಟಸ್ವಾಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ವ್ಯಕ್ತಿಯೊಬ್ಬರು ಸ್ವಂತಕ್ಕೆ ಅಥವಾ ಮನೆಯ ಉದ್ದೇಶಕ್ಕೆ ಬಳಸುವ ಮಾಹಿತಿಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಇದನ್ನು ಕಂಡು ನಿರಾಳವಾಗುವವರಿಗೆ ಎಚ್ಚರಿಕೆ: ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಂ, ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಮನೆ ಕ್ಯಾಮೆರಾಗಳಿಗೂ ಅನ್ವಯಿಸುತ್ತವೆ. ಮೊದಲನೆಯದು ಒಪ್ಪಿಗೆಯಿಲ್ಲದೆ ಯಾರದ್ದಾದರೂ ಗುಪ್ತಾಂಗಗಳ ಚಿತ್ರ ತೆಗೆಯುವುದಕ್ಕೆ, ಎರಡನೆಯದು ಯಾರೂ ನೋಡುತ್ತಿಲ್ಲವೆಂದು ನಂಬಿದ ಜಾಗದಲ್ಲಿ ಹೆಣ್ಣುಮಕ್ಕಳ ಖಾಸಗಿ ಕ್ಷಣಗಳನ್ನು ಸೆರೆಹಿಡಿಯುವುದಕ್ಕೆ. ಬಚ್ಚಲುಮನೆ, ಮಲಗುವ ಕೋಣೆಯ ಕಿಟಕಿ ಚೌಕಟ್ಟಿನಲ್ಲಿದ್ದರೆ ಅಪಾಯ ಇಲ್ಲಿದೆ. 66ಇ ಕಲಮಿನಲ್ಲಿ ಬೇಕೆಂದು ಅಥವಾ ತಿಳಿದೂ ಎಂಬ ಮಾತಿದೆ. ಪಕ್ಕದವರು ಬಂದು ಹೇಳಿದ ಮೇಲೆ ನನಗೆ ಗೊತ್ತಿರಲಿಲ್ಲ ಎನ್ನುವ ಅವಕಾಶ ನಿಮಗೆ ಉಳಿಯುವುದಿಲ್ಲ. ಹಾಗಾಗಿ ಅವರ ಮಾತಿಗೆ ಉತ್ತರ ತಡಮಾಡಬೇಡಿ.

ಅವರೊಂದಿಗೆ ಮಾತು

ಕೆಲಸ ಮುಗಿದ ಮೇಲೆ ಅವರನ್ನು ಕರೆದು ಟಿವಿಯಲ್ಲೋ ಮೊಬೈಲಿನಲ್ಲೋ ನೇರ ದೃಶ್ಯ ತೋರಿಸಿ. ಹಗಲಿನದೂ ರಾತ್ರಿಯದೂ ಎರಡೂ ಇರಲಿ. ರಾತ್ರಿ ಒಳಗೆ ದೀಪ ಹಚ್ಚಿದಾಗ, ಹಗಲಲ್ಲಿ ಬರೀ ಕಪ್ಪಗೆ ಕಾಣುವ ಕಿಟಕಿ ರಂಗಮಂಚದಷ್ಟು ಸ್ಪಷ್ಟವಾಗುತ್ತದೆ. ಅವರ ದೂರು ನಿಜವಾಗಿ ಹುಟ್ಟುವುದೇ ಆ ಹೊತ್ತಿನ ಚಿತ್ರದಿಂದ. ಅವರನ್ನೇ ಅವರ ಹಿತ್ತಲಲ್ಲಿ ಓಡಾಡಲು ಹೇಳಿ, ನೀವು ಪರದೆ ನೋಡಿ; ಒಂದು ಕೈ ಕಂಡರೂ ಮಾಸ್ಕ್ ಹಿಗ್ಗಿಸಿ. ಆಮೇಲೆ ಆ ಚೌಕಟ್ಟಿನ ಫೋಟೊ ಒಂದನ್ನು ತಾರೀಕಿನೊಂದಿಗೆ ಅವರ ಮೊಬೈಲಿಗೆ ಕಳಿಸಿ, ಮೈಕ್ ಆಫ್ ಇದೆ, ಹದಿನೈದು ದಿನಕ್ಕೆ ಅಳಿಯುತ್ತದೆ ಎಂದು ಎರಡು ಸಾಲು ಬರೆಯಿರಿ. ಮುಂದೆ ಮಾತು ಬೆಳೆದರೆ ಇಬ್ಬರಿಗೂ ಅದೇ ಆಧಾರ. ಅವರ ಓಡಾಟ ಇರುವ ತುಣುಕುಗಳನ್ನು, ಅದು ತಮಾಷೆಯದಾದರೂ, ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಪೊಲೀಸರು ಕೇಳಿದರೆ ಬೇಕಾದ ಹೊತ್ತಿನ ಭಾಗವನ್ನಷ್ಟೇ ಇಳಿಸಿಕೊಟ್ಟು, ಮೂಲ ಡಿಸ್ಕಿನಲ್ಲಿ ಅದು ಅಳಿಯದಂತೆ ಲಾಕ್ ಮಾಡಿಡಿ.

ಇನ್ನು ಬಗ್ಗಿಸಿ ಬೇರೆ ಕಡೆ ತಿರುಗಿಸಿದ ಕ್ಯಾಮೆರಾ ಮತ್ತೆ ತಮ್ಮ ಕಡೆ ತಿರುಗೀತು ಎಂಬ ಅನುಮಾನ ಅವರಿಗಿದ್ದರೆ, ಬ್ರಾಕೆಟ್‌ನ ತಿರುಪನ್ನು ಬಿಗಿಮಾಡಿ ಅದರ ಮೇಲೊಂದು ಬಣ್ಣದ ಗೆರೆ ಎಳೆದು ತೋರಿಸಿ. ಕ್ಯಾಮೆರಾ ಅಲುಗಾಡಿದರೆ ಗೆರೆ ಮುರಿಯುತ್ತದೆ, ಅವರ ಕಡೆಯಿಂದಲೂ ಗೊತ್ತಾಗುತ್ತದೆ.

ವೈರ್ ಕಿತ್ತು ಬರೀ ತೋರಿಕೆಗೆ ಬಿಡುವ ಯೋಚನೆ ಮಾತ್ರ ಬೇಡ. ಪಕ್ಕದ ಮನೆಯವರ ಪಾಲಿಗೆ ಬದುಕಿರುವ ಕ್ಯಾಮೆರಾ, ಸತ್ತ ಕ್ಯಾಮೆರಾ ಎರಡೂ ಒಂದೇ. ಬಟ್ಟೆ ಒಣಹಾಕಲು ಬಂದಾಗಲೆಲ್ಲ ಅವರು ಮೇಲೆ ನೋಡಿ ಮೈ ಹಿಡಿಮಾಡಿಕೊಳ್ಳಲೇಬೇಕು. ಕಣ್ಗಾವಲಿನ ಈ ಒತ್ತಡವನ್ನು ಜರ್ಮನಿಯ ಸರ್ವೋಚ್ಚ ಸಿವಿಲ್ ನ್ಯಾಯಾಲಯವೂ 2010ರ ಮಾರ್ಚ್ 16ರ ತೀರ್ಪಿನಲ್ಲಿ ಪರಿಗಣಿಸಿದೆ: ಬರೀ ಊಹೆಯ ಭಯ ಸಾಲದು, ಆದರೆ ನೆರೆಯವರ ನಡುವಿನ ಜಗಳದಂಥ ಗಟ್ಟಿ ಕಾರಣಗಳಿದ್ದು ಭಯ ಹುಟ್ಟಿದ್ದರೆ, ಚಿತ್ರ ತೆಗೆದದ್ದು ಸಾಬೀತಾಗದಿದ್ದರೂ ಹಕ್ಕಿಗೆ ಧಕ್ಕೆಯಾಗಬಹುದು ಎಂದು. ನಿಮಗಂತೂ ಸತ್ತ ಕ್ಯಾಮೆರಾದಿಂದ ಓಣಿಯ ಕಾವಲು ಪೂರ್ತಿ ಹೋಗುತ್ತದೆ. ಕಂಬಕ್ಕೋ ಹೊಸ ಲೆನ್ಸಿಗೋ ಒಂದು ವಾರ ಹಿಡಿಯುವುದಾದರೆ ಅಲ್ಲಿಯವರೆಗೆ ಕ್ಯಾಮೆರಾವನ್ನು ಬ್ರಾಕೆಟ್‌ನಲ್ಲೇ ನಿಮ್ಮ ಗೋಡೆಯ ಕಡೆಗೆ, ಪೂರ್ತಿ ಕೆಳಮುಖವಾಗಿ ಬಗ್ಗಿಸಿ. ಅಷ್ಟಕ್ಕೆ ಒಂದು ಏಣಿ, ಒಂದು ಸ್ಕ್ರೂಡ್ರೈವರ್ ಅಥವಾ ಕ್ಯಾಮೆರಾ ಜೊತೆ ಕೊಟ್ಟ ಪುಟ್ಟ ಅಲೆನ್ ಕೀ ಸಾಕು. ಇವತ್ತು ಸಂಜೆಯೇ ಮಾಡಬಹುದು.